ಬಾಯಿ ತುಂಬ ಅಕ್ಕ

ನಮ್ಮ ಮನೆಯಲ್ಲಿ ನಾನು ಗಂಡನನ್ನು ‘ಏನ್ರೀ’ ಎಂದು ಕರೆಯುತ್ತೇನೆ. ಅವರು ನನ್ನನ್ನು ‘ಏ, ಕೇಳಿಲ್ಲಿ’ ಎಂದು ಕರೆಯುತ್ತಾರೆ. ಅಫಜಲಪುರದಲ್ಲಿರುವ ನಮ್ಮ ಅತ್ತೆಯಂತೂ ಫೋನಿನಲ್ಲಿ ‘ಆಕಿ ಏನ್ ಮಾಡಾಕತ್ತಾಳ?’ ಎಂದು ನನ್ನ ಬಗ್ಗೆ ನನ್ನನ್ನೇ ಕೇಳುತ್ತಾರೆ. ಇಂಥ ಮನೆಯಲ್ಲಿ ಅಕ್ಕಾ, ಅವ್ವಾ, ತಾಯೀ, ನಮ್ಮ ಬಂಗಾರಾ ಎಂದು ಬಾಯಿ ತುಂಬ ಕರೆಸಿಕೊಂಡವಳು ಒಬ್ಬಳೇ. ನಮ್ಮ ಕೂಸನ್ನು ನೋಡಿಕೊಳ್ಳಲು ಮಟಕಿಯಿಂದ ದಿನಾ ಆಳಂದಕ್ಕೆ ಬರುತ್ತಿದ್ದ ಹೆಂಗಸು.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಿಂದಲಾದರೂ ಓದಿಸಿ ಕೇಳುತ್ತಾಳೆ, ಕೇಳಿದ ಮೇಲೆ ನಮ್ಮ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವ ಹಾಗೆ ವಿಚಾರಿಸಿಕೊಳ್ಳುತ್ತಾಳೆ. ಆ ದನಿಗೆ ನಾನು ಹೆದರುತ್ತೇನೆ. ಬರೆಯುವುದಕ್ಕೆ ಕಾರಣವಾದದ್ದು ನಾನು ಲೆಕ್ಕ ಕಲಿಸುವ ಶಾಲೆಗೆ ಹೊಸದಾಗಿ ಬಂದ ಮೇಡಂ ಒಬ್ಬರು. ಮೊನ್ನೆ ಡಬ್ಬಿ ಬಿಚ್ಚುತ್ತ ತಮ್ಮ ಮನೆಯ ಆಯಾಳ ಬಗ್ಗೆ, ‘ಆಕಿ ಕೆಲಸದಾಕಿ ಅಲ್ಲವೇ ಅಲ್ರಿ, ನಮ್ಮನಿ ಮಂದಿ ಇದ್ದಂಗ’ ಎಂದರು. ನನಗೆ ರೊಟ್ಟಿ ನೆತ್ತಿಗೇರಿ ಕೆಮ್ಮು ಬಂತು. ಎಲ್ಲರೂ ನೀರು ಕೊಟ್ಟರು, ಕಾರಣ ಯಾರೂ ಕೇಳಲಿಲ್ಲ.

ಅವಳು ಎತ್ತರದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಮ್ಮ ಚಿನ್ನಿಯನ್ನು ಬಗಲಿಗೆ ಏರಿಸಿದಳೆಂದರೆ ಇನ್ನೊಂದು ಕೈಯಲ್ಲೇ ಮನೆಯ ಅರ್ಧ ಕೆಲಸ ಮುಗಿಯುತ್ತಿತ್ತು. ಜೋಗುಳ ಮಾತ್ರ ಬರುತ್ತಿರಲಿಲ್ಲ. ‘ಹಾಡು ನಮ್ಮ ವಂಶದಾಗೇ ಇಲ್ರಿ ಮೇಡಮ್ರ’ ಎನ್ನುತ್ತಿದ್ದಳು. ಅದರ ಬದಲು ಕೂಸಿನ ಬೆನ್ನು ತಟ್ಟುತ್ತ, ತನ್ನ ಗಂಡನಿಗೂ ಮೈದುನನಿಗೂ ನಡೆದಿದ್ದ ಹೊಲದ ವ್ಯಾಜ್ಯದ ಕಥೆ ಹೇಳುತ್ತಿದ್ದಳು. ವಕೀಲ ಏನಂದ, ಕೋರ್ಟಿನ ಮುಂದಿನ ತಾರೀಖ್ ಎಂದಿದೆ, ಮೈದುನ ಹೆಂಗೆ ಬಾಂದಿನ ಕಲ್ಲು ಸರಿಸಿದ, ಸಾಕ್ಷಿ ಹೇಳಬೇಕಾದವನು ಯಾರ ಮನೆಯಲ್ಲಿ ಚಹಾ ಕುಡಿದ, ಎಲ್ಲ ಒಂದೇ ದನಿಯಲ್ಲಿ. ಸಾಕ್ಷಿಯವನು ಬರುವಷ್ಟರಲ್ಲಿ ಚಿನ್ನಿಗೆ ನಿದ್ದೆ. ‘ಅವ್ವ’, ‘ಅಪ್ಪ’ ಆದ ಮೇಲೆ ನಮ್ಮ ಮಗಳ ಬಾಯಿಂದ ಬಂದ ಮಾತು ‘ತಾರೀಖ್’. ಜೇವರ್ಗಿಯಿಂದ ನನ್ನ ತವರಿನವರು ಬಂದಾಗ, ಕೂಸು ಲೆಕ್ಕದ ಮೇಡಂ ಮಗಳಲ್ಲವಾ, ಈಗಲೇ ತಾರೀಖು ಹೇಳುತ್ತದೆ ಎಂದು ಹೊಗಳಿದರು. ನಾನು ಸುಮ್ಮನೆ ಹೊಗಳಿಸಿಕೊಂಡೆ.

ಅವಳು ನನ್ನನ್ನು ‘ಮೇಡಮ್ರ’ ಎಂದು ಬಿಟ್ಟು ಬೇರೆ ಏನೂ ಕರೆದವಳಲ್ಲ. ಎಷ್ಟು ಸಲ ‘ಅಕ್ಕಾ, ನನ್ನ ಹೆಸರಿಡಿದು ಕರಿ, ಇಲ್ಲಾ ತಂಗಿ ಅನ್ನು’ ಅಂದಿದ್ದೆ! ‘ಇರ್ಲಿ ಬಿಡ್ರಿ, ಹಿಂಗೇ ಛಲೋ ಅದ’ ಎಂದು ತಳ್ಳಿಹಾಕುತ್ತಿದ್ದಳು. ನಾನು ಅದನ್ನು ವಿನಯ ಅಂದುಕೊಂಡಿದ್ದೆ.

ಒಂದು ದಿನ ಅವಳು ಮುಖ ಸಣ್ಣ ಮಾಡಿಕೊಂಡು ಒಲೆಯ ಮುಂದೆ ನಿಂತಿದ್ದಳು. ನಮ್ಮವರು ಕೇಳಿದರು: ‘ಯಾಕವ್ವ, ಮೈಯಾಗ ಹುಷಾರಿಲ್ಲೇನು?’

‘ನಾ ಹುಷಾರದೀನಿ ಸಾಹೇಬ್ರ. ಮೇಡಮ್ಮೋರು ಮುಂಜಾನಿಂದ ಬಂಗಾರ, ಬಂಗಾರ ಅನ್ನಾಕತ್ತಾರ. ಯಾರೋ ದೊಡ್ಡ ದಂಡೇ ಬರೋದದ.’

ನಮ್ಮವರು ನನ್ನ ಕಡೆ ನೋಡಿದರು. ಖರೇನೇ, ಜೇವರ್ಗಿಯಿಂದ ನಮ್ಮಣ್ಣನ ಸಂಸಾರ ಮಧ್ಯಾಹ್ನದ ಊಟಕ್ಕೆ ಬರುವುದಿತ್ತು. ನಾನಿನ್ನೂ ಅದನ್ನು ಯಾರಿಗೂ ಹೇಳಿರಲಿಲ್ಲ.

‘ನಿನಗ ಹೆಂಗ ಗೊತ್ತಾತು?’

‘ಇದ್ರಾಗ ಏನದ ಸಾಹೇಬ್ರ? ಬರೇ ಅಕ್ಕ ಅಂದ್ರ ಒಂದು ಕಪ್ ಚಾ. ನಮ್ಮಕ್ಕ ಅಂದ್ರ ಇವತ್ತ ಬಸ್ಸು ಹೋದ ಮ್ಯಾಲೂ ನಾ ಇಲ್ಲೇ. ಅವ್ವಾ ತಾಯಿ ಅಂದ್ರ ಐತವಾರ ಸೂಟಿ ಖೋತಾ. ಬಂಗಾರ ಅಂದ್ರ ಮಾತ್ರ ಅಗದಿ ಭಾರಿ ಕೆಲಸ ಇರ್ತದ. ಹ್ವಾದ ವರ್ಷ ದೀಪಾವಳಿ ಮುಂದ ಬಂಗಾರ ಅಂದಿದ್ರು, ಮಾಳಗಿ ಮ್ಯಾಲಿನ ಡಬ್ಬಿ ಎಲ್ಲಾ ತಿಕ್ಕಿದೆ.’

ನಮ್ಮವರು ನಕ್ಕ ನಗು ಓಣಿಗೆ ಕೇಳಿಸಿತು. ಅಂದಿನಿಂದ ನಾನು ಅವರನ್ನು ಸ್ವಲ್ಪ ಮೆತ್ತಗೆ ಮಾತಾಡಿಸಿದರೂ ಸಾಕು, ‘ಏನ್ ತರಬೇಕು ಮೊದ್ಲು ಹೇಳು’ ಎನ್ನುವುದು ಶುರುವಾಯಿತು. ನನಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟು ತೋರಿಸಿದರೆ ಅವಳು ಬಿಟ್ಟುಹೋದಾಳೆಂಬ ಹೆದರಿಕೆ. ‘ನಮ್ಮಕ್ಕ ಎಷ್ಟು ಶಾಣೇಕಿ!’ ಅಂದೆ. ಆವತ್ತೂ ಅವಳಿಗೆ ಬಸ್ಸು ಸಿಗಲಿಲ್ಲ.

ಅವಳಿಗೆ ಇದ್ದವಳು ಒಬ್ಬಳೇ ಮಗಳು, ಭಾಗಮ್ಮ. ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತು ಹಡೆದದ್ದಕ್ಕೆ ಆ ಹೆಸರು. ಹಿರೋಳ್ಳಿಗೆ ಕೊಟ್ಟಿದ್ದಳು. ಬಸುರಿಗೆ ಮಾಡುವ ಕುಬಸದ ಕಾರ್ಯ ಅಲ್ಲಿ ಮುಗಿಸಿ ಬಂದ ಮರುದಿನ, ಚಿನ್ನಿಯ ತಲೆ ಬಾಚುತ್ತ ಹೇಳಿದಳು: ‘ಮುಂದಿನ ತಿಂಗಳಿಂದ ನಾ ಬರಾಂಗಿಲ್ರಿ ಮೇಡಮ್ರ. ಭಾಗೀದು ಚೊಚ್ಚಲ ಹೆರಿಗಿ, ತವರಿಗೆ ಕರಕೊಂಡ ಬರಬೇಕು. ವ್ಯಾಜ್ಯ ಇದ್ರೂ ಮನಿ ಇನ್ನಾ ಒಂದೇ ಅದ, ಅಲ್ಲಿ ಮೈದುನನ ಸೊಸೀಗೂ ದಿನಾ ತುಂಬ್ಯಾವ. ಒಂದೇ ಜಂತಿ ಕೆಳಗ ಇಬ್ಬರು ಬಾಣಂತೇರು ಇರಬಾರದು ಅಂತಾರ. ಅದಕ್ಕ ಮಟಕ್ಯಾಗ ಬ್ಯಾರೆ ಒಂದು ಖೋಲಿ ಹುಡುಕಾಕತ್ತೇನಿ. ಐದು ತಿಂಗಳು ಅಲ್ಲೇ ಇರ್ತೇನಿ.’

 ಶಾಲೆಯಲ್ಲಿ ಹತ್ತನೆಯ ಇಯತ್ತೆಗೆ ಲೆಕ್ಕ ಕಲಿಸುವವಳು ನಾನು, ರಿಸಲ್ಟು ಕಡಿಮೆಯಾದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಮ್ಮವರು ದಿನಾ ಬಸ್ಸಿನಲ್ಲಿ ಅಫಜಲಪುರದ ಕಚೇರಿಗೆ ಹೋಗಿ ಬರುವವರು. ಅತ್ತೆಗೆ ಮೊಣಕಾಲು ನೋವು. ‘ಹಿರೋಳ್ಳಿಯವರೇ ಬಾಣಂತನ ಮಾಡಂಗಿಲ್ಲೇನಕ್ಕಾ?’ ಎಂದು ಕೇಳಿಬಿಟ್ಟೆ.

ಅವಳು ಬಾಚಣಿಗೆ ಕೆಳಗಿಟ್ಟಳು. ‘ಮಾಡ್ತೀವಿ ಅಂತಾರ್ರಿ. ಅದೇ ಬ್ಯಾಡಾಗೇದ ನನಗ. ನಂಗ ತವರಿರಲಿಲ್ಲ. ನಮ್ಮವ್ವ ನಾ ಸಣ್ಣಾಕಿ ಇದ್ದಾಗೇ ಹೋದ್ಳು. ಭಾಗಿ ಹುಟ್ಟಿದ್ದು ಅತ್ತಿ ಮನ್ಯಾಗ. ತುತ್ತು ಬಾಯಿಗಿಟ್ಟಾಗೊಮ್ಮೆ ನಮ್ಮತ್ತಿ, ತವರಿಲ್ಲದಾಕೀನ ಬಾಣಂತನ ನಾ ಮಾಡೇನಿ, ಅಂತಿದ್ಳು. ಸಾಯೂತನಕ ಅಂದ್ಳು. ಆ ಮಾತು ನನ್ನ ಮಗಳ ಕಿವೀಗೆ ಬೀಳಬಾರದು. ಮತ್ತೇನೂ ಬೇಕಿಲ್ಲ ನನಗ.’

ಅಷ್ಟು ಉದ್ದದ ಮಾತನ್ನು ಅವಳು ವ್ಯಾಜ್ಯದ ಬಗ್ಗೆ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಆಡಿದವಳಲ್ಲ. ನನಗೆ ಅಯ್ಯೋ ಅನಿಸಿತು, ಸುಳ್ಳಲ್ಲ. ಆದರೆ ಅಯ್ಯೋ ಅನ್ನುತ್ತಿರುವಾಗಲೇ ತಲೆಯೊಳಗಿನ ಲೆಕ್ಕದ ಮೇಡಂ ಎದ್ದು ಕುಳಿತಿದ್ದಳು. ಬಾಣಂತಿ ನಮ್ಮ ಮನೆಯಲ್ಲೇ ಇದ್ದರೆ ಇವಳೂ ನಮ್ಮ ಮನೆಯಲ್ಲೇ. ಬಸ್ಸಿನ ಪ್ರಶ್ನೆಯೇ ಇಲ್ಲ. ಒಂದು ಕೂಸು ಆಡಿಸುವವಳು ಎರಡು ಆಡಿಸುತ್ತಾಳೆ, ಅದರಲ್ಲೇನು.

‘ಅಕ್ಕಾ, ನೀ ಖೋಲಿ ಯಾಕ ಹುಡುಕ್ತಿ? ಈ ಮನಿ ನಿಂದಲ್ಲೇನು? ಭಾಗಿ ನಮ್ಮ ಮಗಳಲ್ಲೇನು? ಇಲ್ಲೇ ಕರಕೊಂಡ ಬಾ, ಬಾಣಂತನ ಇಲ್ಲೇ ಆಗ್ಲಿ. ಇದೇ ಆಕೀ ತವರು!’

ಅವಳು ನನ್ನ ಮುಖವನ್ನೇ ನೋಡಿದಳು. ‘ಖರೇ ಹೇಳಾಕತ್ತೀರಿ? ತವರು ಅಂದ್ರ ಬರೇ ಜಾಗ ಅಲ್ರಿ. ಬೀಗರು ಬರ್ತಾರ, ಮಾನ ಮರ್ಯಾದಿ ಇರ್ತಾವ. ನಡೂವ ಕೈ ಬಿಟ್ರ ಪೆಟ್ಟು ನನಗಲ್ಲ, ಭಾಗೀಗೆ.’

‘ನಾ ಯಾಕ ಕೈ ಬಿಡ್ಲಿ, ನಮ್ಮವ್ವಾ!’

ಸಂಜೆ ನಮ್ಮವರು ಕೇಳಿ ಕುರ್ಚಿಯ ಮೇಲೆ ಕುಸಿದರು. ‘ನೀ ಏನ್ ಒಪ್ಕೊಂಡಿ ಗೊತ್ತದೇನು ನಿನಗ?’ ಎಂದರು. ಒಂದು ಖೋಲಿ ಕೊಟ್ಟರೆ ಮುಗಿಯಿತು ಎಂದೆ. ಮೊಬೈಲಿನಲ್ಲಿ ಸ್ಟೇಟಸ್ ಹಾಕಿದೆ: ‘ಸಂಬಂಧಕ್ಕೆ ರಕ್ತವೇ ಬೇಕಿಲ್ಲ.’ ಸ್ಟಾಫ್ ರೂಮಿನ ಪೂರಾ ಮಂದಿ ಕೈಮುಗಿದ ಚಿತ್ರ ಕಳಿಸಿದರು. ನನ್ನ ಬಗ್ಗೆ ನನಗೇ ಗೌರವ ಬಂತು.

ಭಾಗಿ ಬಂದಳು, ಹೆಣ್ಣು ಹಡೆದಳು. ಊರಿನ ದವಾಖಾನೆಯಲ್ಲಿ ಸುಸೂತ್ರ ಹೆರಿಗೆ. ಅವಳ ತಾಯಿ ಹೊರಗೆ ಘತ್ತರಗಿಯ ದಿಕ್ಕಿಗೆ ಕೈಮುಗಿದು ನಿಂತಿದ್ದಳು, ಕೂಸಿನ ಅಳು ಕೇಳಿದ ಮೇಲೆಯೇ ಕೈ ಇಳಿಸಿದಳು. ಬಾಣಂತಿಯನ್ನು ಮನೆಗೆ ತಂದ ದಿನದಿಂದ ನನ್ನ ಲೆಕ್ಕ ತಪ್ಪುತ್ತ ಹೋಯಿತು.

ನಾನು ಮರೆತಿದ್ದ ಸಂಗತಿ ಇಷ್ಟೇ. ತಾಯಿಯಾದವಳು ಮಗಳ ಬಾಣಂತನ ಮಾಡುವಾಗ ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ. ಅವಳು ಹಾಕಲಿಲ್ಲ. ಬಾಗಿಲು ಮುಂದಕ್ಕೆ ಮಾಡಿಕೊಂಡು ಒಳಗೆ ಕೂತುಬಿಟ್ಟಳು, ಅಲ್ಲಿಂದ ದನಿ ಮಾತ್ರ ಹೊರಗೆ ಬರುತ್ತಿತ್ತು. ‘ಮೇಡಮ್ರ, ನೀರು ಇನ್ನಾ ಕಾಯಬೇಕ್ರಿ.’ ‘ಮೇಡಮ್ರ, ಸಬ್ಬಸಗಿ ಪಲ್ಯಾಕ ಬಳ್ಳೊಳ್ಳಿ ಜಾಸ್ತಿ ಹಾಕ್ರಿ.’ ‘ಸಾಹೇಬ್ರಿಗೆ ಹೇಳ್ರಿ, ಕುಳ್ಳು ತೀರ್ಯಾವ.’ ತಾಯಿ ಮಗುವಿಗೆ ಕೆಂಡದ ಶಾಖ ಕೊಡಲು ಸಗಣಿ ಕುಳ್ಳು ಬೇಕು. ನಮ್ಮವರು ಆಫೀಸಿನ ಇಸ್ತ್ರಿ ಅಂಗಿಯಲ್ಲಿ ಆಳಂದದ ಓಣಿ ಓಣಿ ತಿರುಗಿ ಚೀಲದಲ್ಲಿ ಕುಳ್ಳು ಹೊತ್ತು ತಂದರು. ಹೊಸದಾಗಿ ಬಣ್ಣ ಹೊಡೆಸಿದ್ದ ಖೋಲಿ ಹೊಗೆಗೆ ಕಪ್ಪಾಯಿತು. ನಾನು ಶಾಲೆಗೆ ರಜೆ ಹಾಕಿದೆ. ಚಿನ್ನಿಯನ್ನು ಬಗಲಿಗೇರಿಸಿಕೊಂಡು, ಒಂದೇ ಕೈಯಲ್ಲಿ ಅಂಟಿನುಂಡಿ ಕಟ್ಟುವುದನ್ನು ಕಲಿತೆ. ಕಟ್ಟಿದ್ದು ಉಂಡೆಯಾಗುತ್ತಿರಲಿಲ್ಲ. ‘ಇರ್ಲಿ, ಪುಡೀನೇ ತಿಂತಾಳ ಬಿಡ್ರಿ’ ಎಂದು ಬಾಗಿಲ ಸಂದಿಯಿಂದ ಅಭಯ ಬರುತ್ತಿತ್ತು. ಚಿನ್ನಿ ನಿದ್ದೆ ಮಾಡದೆ ಕಾಡಿದಾಗ ನಾನೇ ಆ ಹೊಲದ ವ್ಯಾಜ್ಯದ ಕಥೆ ಹೇಳಿದೆ. ನಾನು ಹೇಳಿದರೆ ಕೂಸು ಮಲಗಲಿಲ್ಲ.

ತೊಟ್ಟಿಲ ಕಾರ್ಯಕ್ಕೆ ಹಿರೋಳ್ಳಿಯಿಂದ ಬೀಗರು ಒಂದು ಕ್ರೂಸರ್ ಗಾಡಿ ತುಂಬ ಬಂದರು. ಭಾಗಿಯ ಅತ್ತೆ ದಪ್ಪ ಕುಂಕುಮದ, ಜೋರು ಬಾಯಿಯ ಹೆಂಗಸು. ಬಂದವಳೇ ಸೋಫಾದ ಮೇಲೆ ಕೂತು, ನನ್ನನ್ನು ಅತ್ತಿಗೆಯಾಗಿಸಿ, ‘ವೈನಿ, ನಮ್ಮ ಬಂಗಾರದಂಥ ವೈನಿ, ಚಾ ಆಗ್ತದೇನ್ರಿ?’ ಎಂದು ನನ್ನ ಕಡೆ ಕೈ ಚಾಚಿದಳು. ನಮ್ಮವರು ಕೈಯಲ್ಲಿದ್ದ ತಂಬಿಗೆ ಸಮೇತ ಹೊರಗೆ ಓಡಿದರು. ನಗುವುದಕ್ಕೆ ಎಂದು ನನಗೆ ಗೊತ್ತಿತ್ತು. ಗಾಡಿಯ ಮಂದಿಗೆಲ್ಲ ಚಹಾ ಮಾಡಿದೆ, ಮತ್ತೊಮ್ಮೆಯೂ ಮಾಡಿದೆ. ಹೋಳಿಗೆಗೆ ಹೂರಣ ರುಬ್ಬಿದೆ. ಭಾಗಿಯ ತಾಯಿ ಹೊಸ ಸೀರೆ ಉಟ್ಟು, ಅವತ್ತು ಮೊದಲ ಸಲ ಖೋಲಿಯಿಂದ ಹೊರಗೆ ಬಂದು, ನನ್ನ ಪಕ್ಕದಲ್ಲಿ ನಿಂತು ಹೋಳಿಗೆ ಬೇಯಿಸಿದಳು.  ‘ಬೀಗತಿ ಬಾಯಿ ಛಲೋ ಇಲ್ರಿ’ ಎಂದು ಪಿಸುಗುಟ್ಟಿದಳು.

ಹೆಸರಿಟ್ಟಾಯಿತು, ಹೆಂಗಸರೆಲ್ಲ ಊಟಕ್ಕೆ ಸಾಲಾಗಿ ಕೂತರು. ನಾನು ತುಪ್ಪದ ಮಿಳ್ಳೆ ಹಿಡಿದು ಬಡಿಸುತ್ತಿದ್ದೆ. ಬೀಗತಿ ಮನೆಯ ಗೋಡೆ, ಫ್ಯಾನು, ಕಪಾಟು ಎಲ್ಲ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಅಂದಳು: ‘ಮನಿ ಭಾರಿ ಛಲೋ ಅದ ವೈನಿ. ಆದ್ರ ನಮ್ಮ ಮಂದಿ ಕೇಳಾಕತ್ತಾರ, ಕೆಲಸಕ್ಕಿದ್ದ ಮನಿ ಎಲ್ಲ್ಯಾದ್ರೂ ತವರಾಗ್ತದೇನಂತ? ನಾವೇ ಮಾಡ್ತಿದ್ವಿ ಬಾಣಂತನ. ತವರಿಲ್ಲದಾಕಿ ಅಂದ್ರ ನಾವೇನ್ ಹೊರಗ ಹಾಕ್ತಿದ್ವೇನು?’

 ಖೋಲಿಯ ಬಾಗಿಲಲ್ಲಿ ಭಾಗಿ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ತಾಯಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಭಾಗಿಯ ಕಡೆಗಲ್ಲ, ಬೀಗತಿಯ ಕಡೆಗೂ ಅಲ್ಲ, ನನ್ನ ಕಡೆ.  ಹೌದು, ನಮ್ಮ ಮನೆಯಲ್ಲಿ ಕೆಲಸಕ್ಕಿದ್ದಾಳೆ ಎಂದರೆ ಆ ಹುಡುಗಿ ಜೀವಮಾನವಿಡೀ ಆ ಮಾತು ಉಣ್ಣಬೇಕು.

‘ಕೆಲಸದ ಮನಿ ಅಂತ ಯಾರಂದ್ರು ವೈನಿ?’ ಅಂದೆ. ‘ಆಕಿ ನಮ್ಮಕ್ಕ. ಒಡಹುಟ್ಟಿಲ್ಲ, ಅಷ್ಟೇ. ನನ್ನ ಮಗಳನ್ನ ತನ್ನ ಮಗಳಂತ ಆಡಸ್ತಾಳ. ಭಾಗಿ ತವರು ಇದೇ.’

‘ಮತ್ತ ಪಗಾರ ಕೊಡ್ತೀರಿ ಅಂತ ಕೇಳಿದ್ವಿ?’

‘ಅಕ್ಕಗ ಯಾರರೆ ಪಗಾರ ಕೊಡ್ತಾರೇನ್ರಿ?’

ಬೀಗತಿ ಹೋಳಿಗೆ ಮುರಿಯತೊಡಗಿದಳು. ಪಕ್ಕದಲ್ಲಿದ್ದ ಮುದುಕಿ, ‘ಹಂಗಾದ್ರ ಭಾಗೀ ಸಣ್ಣವ್ವನ ಕೈಯಾಗಿನ ತುಪ್ಪ ಇನ್ನೊಂದೀಟು ಹಾಕ್ರಿ’ ಎಂದಳು. ಎಲ್ಲರೂ ನಕ್ಕರು. ಭಾಗಿ ಒಳಗೆ ಹೋದಳು. ಅವಳ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ‘ಹೋಳಿಗಿ ಹತ್ತಾಕತ್ತೇದ ನೋಡ್ರಿ’ ಎಂದು ಒಲೆಯ ಕಡೆ ತಿರುಗಿದಳು. ಹೋಳಿಗೆ ಸೀದಿರಲಿಲ್ಲ. ಕೆಲಸ ಏನೂ ಬೇಕಿಲ್ಲದಾಗ ನಾನು ಅವಳನ್ನು ಅಕ್ಕ ಎಂದದ್ದು ಅದೇ ಮೊದಲು. ಅದು ಇಷ್ಟು ಸುಲಭದ ಮಾತಲ್ಲ ಎಂದು ನನಗೆ ಆವತ್ತು ತಿಳಿಯಿತು. ನನಗೂ ಕಣ್ಣಲ್ಲಿ ನೀರು ಬಂದಿತ್ತು, ಹೊಗೆ ಎಂದೆ.

ಐದು ತಿಂಗಳು ತುಂಬಿ, ಉಡಿ ತುಂಬಿ, ಭಾಗಿಯನ್ನು ಹಿರೋಳ್ಳಿಗೆ ಕಳಿಸಿದೆವು. ಇನ್ನು ನನ್ನ ಅಕ್ಕ ನನ್ನ ಕೂಸಿಗೆ ಪೂರಾ ಸಿಕ್ಕಳು ಎಂದು ನಿಟ್ಟುಸಿರು ಬಿಟ್ಟೆ. ಅವಳು ತನ್ನ ಗಂಟು ಕಟ್ಟುತ್ತ ಕೂತಿದ್ದಳು.

‘ಎಲ್ಲಿಗಕ್ಕಾ?’

‘ಮಟಕಿಗ್ರಿ. ನಾ ಇನ್ನ ಕೆಲಸಕ್ಕ ಬರಾಂಗಿಲ್ಲ.’

‘ಯಾಕ? ನಾ ಏನ್ ತಪ್ಪ ಮಾಡಿದೆ?’

‘ತಪ್ಪೆಲ್ಲಿ ಮಾಡೀರಿ? ಮಂದಿ ಮುಂದ ನನ್ನ ಅಕ್ಕ ಅಂದ್ರಿ. ಪಗಾರ ಕೊಡಾಂಗಿಲ್ಲ ಅಂದ್ರಿ. ಹಿರೋಳ್ಳಿ ಮಂದಿ ಈ ದಾರಿಲೇ ಸಂತಿಗೆ ಬರ್ತಾರ. ತಂಗಿ ಕಡಿಂದ ತಿಂಗಳಾ ರೊಕ್ಕ ಎಣಿಸಿಕೊಂಡು ಕೂಸು ಆಡಸ್ತಾಳ ಅಂತ ಗೊತ್ತಾದ್ರ ಭಾಗೀಗೆ ಏನಂತಾರ? ಬರೇ ಬಾಯಿಲೆ ಅಂತಿದ್ರಿ, ಅಲ್ಲೀತನ ನಡೀತು. ಈಗ ಖರೇ ಆಗೇದ. ನಾ ಹೆಂಗ ಬರ್ಲಿ?’

ನನ್ನ ತಲೆ ಓಡಲಿಲ್ಲ, ಬಾಯಿ ಓಡಿತು. ‘ಹಂಗಾದ್ರ ಪಗಾರ ಇಲ್ದೇ ಬಾ ಅಕ್ಕಾ!’

ಮಾತು ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಅವಳು ಒಂದು ಗಳಿಗೆ ಬೆರಗಾಗಿ ನೋಡಿದಳು. ಆಮೇಲೆ ಗಂಟು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಗೋಡೆಗೊರಗಿ ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ‘ಇದು ಬಂಗಾರಕ್ಕಿಂತಾ ಭಾರಿ ಆಯ್ತು ನೋಡ್ರಿ’ ಎಂದಳು. ನಾನೂ ನಗಲು ಹೋದೆ, ಅತ್ತುಬಿಟ್ಟೆ. ಅವಳು ಚಿನ್ನಿಯನ್ನು ಎತ್ತಿ ಮುದ್ದಾಡಿ, ನನ್ನ ತೋಳಿಗೆ ಕೊಟ್ಟು ಹೋದಳು.

ಈಗ ನಮ್ಮ ಹಿಂದಿನ ಓಣಿಯಲ್ಲೇ ಕಿರಾಣಿ ಅಂಗಡಿಯವರ ಮೊಮ್ಮಗನನ್ನು ಆಡಿಸುತ್ತಾಳೆ. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ, ಹೊತ್ತಿಗೆ ಸರಿಯಾಗಿ ಬಸ್ಸಿಗೆ ಬಿಡುತ್ತಾರೆ. ಬೇರೆಯವರ ಮನೆಯಲ್ಲಿ ದುಡಿದರೆ ಹಿರೋಳ್ಳಿಯವರಿಗೆ ಏನೂ ಅನ್ನಿಸುವುದಿಲ್ಲವಂತೆ, ತಂಗಿಯ ಮನೆಯಲ್ಲಿ ದುಡಿಯಬಾರದು ಅಷ್ಟೇ. ಆ ಮನೆಯ ಮುಂದೆ ಹಾದುಹೋಗುವಾಗ ಒಳಗಿಂದ ಸಾಕ್ಷಿಯವನ ಚಹಾದ ಕಥೆ ಕೇಳಿಸುತ್ತದೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೋದ ಐತವಾರ ನಮ್ಮ ಮನೆಗೆ ಬಂದಳು. ಕೆಲಸಕ್ಕಿದ್ದಷ್ಟು ವರ್ಷವೂ ಹಿಂಬಾಗಿಲಿನಿಂದ ಬಂದವಳು, ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಭಾಗಿಯ ಮಗಳ ಫೋಟೋ ತೋರಿಸಿ, ನೆಟ್ಟಗೆ ಸೋಫಾದ ಮೇಲೆ ಕೂತಳು. ನಾನು ಚಹಾ ಕೊಟ್ಟು ಎದುರಿಗೆ ಕೂತೆ. ಎಷ್ಟು ಹೇಳುವುದಿತ್ತು. ಅಷ್ಟರಲ್ಲಿ ಒಳಗೆ ಚಿನ್ನಿ ನಿದ್ದೆಯಿಂದೆದ್ದು ಅಳತೊಡಗಿದಳು. ಅಭ್ಯಾಸ ನೋಡಿ, ನಾನು ಕೂತಲ್ಲಿಂದಲೇ ಅಕ್ಕನ ಮುಖ ನೋಡಿದೆ.

ಅವಳು ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಊದಿ, ಒಂದು ಗುಟುಕು ಕುಡಿದಳು.

‘ಏ ತಂಗಿ, ಕೂಸು ಅಳಾಕತ್ತೇದ, ಕೇಳಸೂದಿಲ್ಲೇನ್ ಬೇ? ಏಳು, ಹೋಗಿ ಎತ್ಕೊ. ಬರೂವಾಗ ಒಂದೀಟು ಸಕ್ರಿ ತಗೊಂಡ್ ಬಾ, ಚಾ ಸಪ್ಪ ಆಗೇದ.’